ಫ್ಲೋಟರ್ಸ್‌ಗೆ ಲೇಸರ್ ಮಾಡಿಸಬಹುದಾ? ಮೂರು ತಿಂಗಳಿಂದ ಕಣ್ಣ ಮುಂದೆ ಎಳೆ ತೇಲುತ್ತಿದೆ

ಬೀಜಗಣಿತ_ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 33 ವರ್ಷ. ಶಿವಮೊಗ್ಗದಲ್ಲಿ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಐದನೇ ಕ್ಲಾಸಿನಿಂದ ಕನ್ನಡಕ, ಈಗ ಎರಡೂ ಕಣ್ಣಿಗೆ ಮೈನಸ್ ಏಳರ ಹತ್ತಿರ ಪವರ್ ಇದೆ.

ಜೂನ್ ಕೊನೆಯಲ್ಲಿ ವೈಟ್‌ಬೋರ್ಡ್ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗ ಎಡಗಣ್ಣಿಗೆ ಒಂದು ಎಳೆ ಕಾಣಿಸಿತು. ಕನ್ನಡಕಕ್ಕೆ ಕೂದಲು ಅಂಟಿದೆ ಅಂದುಕೊಂಡು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಕಣ್ಣು ಹೊರಳಿಸಿದರೆ ಅದೂ ಹೊರಳುತ್ತದೆ, ನಿಲ್ಲಿಸಿದರೆ ಸ್ವಲ್ಪ ತಡೆದು ಮೆಲ್ಲಗೆ ಕೆಳಗಿಳಿಯುತ್ತದೆ. ಅದರ ಜೊತೆಗೆ ಮೂರ್ನಾಲ್ಕು ಪಾರದರ್ಶಕ ಮಣಿಗಳು, ಸರ ಕಿತ್ತುಹೋದ ಹಾಗೆ. ಬೋರ್ಡಿನ ಮೇಲೆ ನಾನೇ ಬರೆದ ಮೈನಸ್ ಚಿಹ್ನೆ ಯಾವುದು, ಈ ಎಳೆ ಯಾವುದು ಅಂತ ಒಂದು ಕ್ಷಣ ಅನುಮಾನ ಬರುತ್ತದೆ. ಮಳೆಗಾಲದಲ್ಲಂತೂ ಆಕಾಶವೆಲ್ಲ ಬೆಳ್ಳಗೆ ಮೋಡ, ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಎದುರಿಗೆ ಅದೇ. ರಾತ್ರಿ ಕಾಣುವುದಿಲ್ಲ, ಆದರೆ ನಾಳೆ ಕಾಣುತ್ತದಲ್ಲ ಅಂತ ನಿದ್ದೆ ಬರುವುದಿಲ್ಲ.

ಅಮ್ಮ ಪಿತ್ತ ಜಾಸ್ತಿ ಆಗಿದೆ ಅಂತ ಜೀರಿಗೆ ಕಷಾಯ ಕೊಟ್ಟರು, ಕುಡಿದೆ. ಪಕ್ಕದ ಮನೆಯವರು ನಂದಿಬಟ್ಟಲು ಹೂವಿನ ರಸ ಬಿಡು ಅಂದರು, ಅದನ್ನು ಮಾಡಲಿಲ್ಲ.

ಕೊನೆಗೆ ಬೆಂಗಳೂರಿನಲ್ಲಿ ಒಂದು ಕ್ಲಿನಿಕ್‌ಗೆ ಹೋದೆ. ಮಷೀನ್ ಮುಂದೆ ಕೂರಿಸಿ ಐದು ನಿಮಿಷ ನೋಡಿದರು. ಫ್ಲೋಟರ್ಸ್ ಅಷ್ಟೇ, ಲೇಸರ್‌ನಲ್ಲಿ ಒಡೆದು ಹಾಕಬಹುದು, ಮೂರು ಸಲ ಬರಬೇಕು, ಸಲಕ್ಕೆ 12 ಸಾವಿರ, ಇವತ್ತೇ ಮೊದಲನೆಯದು ಮುಗಿಸೋಣ ಅಂದರು. ನನಗೆ ಗಾಬರಿಯಾಗಿ ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂತ ಬಂದುಬಿಟ್ಟೆ. ದುಡ್ಡು ಹೇಗೋ ಹೊಂದಿಸುತ್ತೇನೆ. ಯಾರಾದರೂ ಇದನ್ನು ಮಾಡಿಸಿದ್ದೀರಾ? ನಿಜವಾಗಿ ಹೋಗುತ್ತದಾ? ದಯವಿಟ್ಟು ಅನುಭವ ಇದ್ದವರು ಹೇಳಿ.

ನಿವೃತ್ತ_ಮೈಸೂರು

ತಂಗಿ, ನಾನು ಮಾಡಿಸಿದ್ದೇನೆ. ನನಗೆ ಉಪಯೋಗ ಆಗಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಕಡೆ ಎಲ್ಲರೂ ಹೆದರಿಸುವವರೇ ಜಾಸ್ತಿ.

ನನಗೆ 66. ಬಲಗಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿ ಎರಡು ವರ್ಷ ಆದ ಮೇಲೆ ಒಂದು ಬೆಳಿಗ್ಗೆ ಪೇಪರ್ ಓದುವಾಗ ಅಕ್ಷರಗಳ ಮೇಲೆ ಒಂದು ಉಂಗುರ ಬಂದು ಕೂತಿತು. ಬಳೆ ಚೂರು ಅನ್ನುತ್ತೇವಲ್ಲ, ಒಂದು ಕಡೆ ಸ್ವಲ್ಪ ಮುರಿದ ಸೊನ್ನೆ, ಹಾಗೆ. ಅದು ಓದುವ ಸಾಲಿನ ಮೇಲೇ ಓಡಾಡುತ್ತಿತ್ತು. ಡಾಕ್ಟರ್ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ, ತಲೆಗೆ ಲೈಟ್ ಕಟ್ಟಿಕೊಂಡು ಪೂರ್ತಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರ, ನೋಡಿದರು. ಕಣ್ಣಿನ ಒಳಗಿನ ಲೋಳೆ ಹಿಂದಿನ ಗೋಡೆಯಿಂದ ಬಿಟ್ಟುಕೊಂಡಿದೆ, ನರದ ಬಾಯಿಗೆ ಅಂಟಿಕೊಂಡಿದ್ದ ಭಾಗ ಉಂಗುರವಾಗಿ ಕಿತ್ತು ಬಂದಿದೆ, ಇದಕ್ಕೆ ವೈಸ್ ರಿಂಗ್ ಅಂತಾರೆ ಅಂದರು. ಆದರೂ ತಕ್ಷಣ ಲೇಸರ್ ಮಾಡಲಿಲ್ಲ. ಆರು ತಿಂಗಳು ಕಾಯಿರಿ, ಅಭ್ಯಾಸ ಆಗಬಹುದು ಅಂದರು. ಕಾದೆ. ಅಭ್ಯಾಸ ಆಗಲಿಲ್ಲ.

ಆಮೇಲೆ ಯಾಗ್ ಲೇಸರ್ ಮಾಡಿದರು. ಮರಗಟ್ಟುವ ಡ್ರಾಪ್ಸ್ ಹಾಕಿ, ಗದ್ದ ಇಟ್ಟು ಕೂರಿಸಿ, ಕಣ್ಣಿನ ಮೇಲೆ ಒಂದು ಲೆನ್ಸ್ ಒತ್ತಿ ಹಿಡಿಯುತ್ತಾರೆ. ಟಕ್ ಟಕ್ ಅಂತ ಸದ್ದು. ನೋವಿಲ್ಲ. ಹೊಡೆದಾಗ ಸಣ್ಣ ಗುಳ್ಳೆಗಳು ಏಳುವುದು ನಮಗೇ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಕರಗಿಹೋಗುತ್ತವೆ. ಒಂದು ತಿಂಗಳು ಬಿಟ್ಟು ಎರಡನೇ ಸಲ. ಉಂಗುರ ಹೋಯಿತು. ಅದರ ಜಾಗದಲ್ಲಿ ಮೂರ್ನಾಲ್ಕು ಧೂಳಿನ ಕಣ ಉಳಿದಿವೆ, ಅವು ನನಗೆ ತೊಂದರೆ ಕೊಡುವುದಿಲ್ಲ. ಪ್ರತಿ ಸಲವೂ ಮುಗಿದ ಮೇಲೆ ಕೂರಿಸಿಕೊಂಡು ಕಣ್ಣಿನ ಒತ್ತಡ ಅಳೆದೇ ಕಳಿಸಿದರು.

ನಿಮ್ಮದು ನನ್ನ ಹಾಗೆ ಒಂದೇ ದೊಡ್ಡ ಉಂಗುರ ಅಲ್ಲ ಅನ್ನಿಸುತ್ತಿದೆ. ತಿಳಿದವರು ಹೇಳಲಿ. ಅವತ್ತೇ ಮಾಡಿಸದೆ ಬಂದಿದ್ದು ಒಳ್ಳೆಯದಾಯಿತು.

ಆಪ್ಟೊಮ್_ದಾವಣಗೆರೆ

ಟೀಚರ್, ನಾನು ಡಾಕ್ಟರ್ ಅಲ್ಲ, ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷೆ ಮಾಡುವವಳು. ಹನ್ನೊಂದು ವರ್ಷದಿಂದ ರೆಟಿನಾ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪೋಸ್ಟ್‌ನಲ್ಲಿ ನನ್ನನ್ನು ಹೆದರಿಸಿದ್ದು ಎಳೆ ಅಲ್ಲ, ಐದು ನಿಮಿಷ. ನಿಮಗೆ ಡ್ರಾಪ್ಸ್ ಹಾಕಿ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಿಸಿದ್ದರಾ? ಆಮೇಲೆ ಮೂರ್ನಾಲ್ಕು ಗಂಟೆ ಹತ್ತಿರದ್ದು ಓದಲಾಗದೆ, ಬಿಸಿಲಿಗೆ ಕಣ್ಣು ಬಿಡಲಾಗದೆ ಇತ್ತಾ? ಇಲ್ಲ ಅಂದರೆ ನಿಮ್ಮ ರೆಟಿನಾದ ಅಂಚನ್ನು ಯಾರೂ ನೋಡಿಲ್ಲ ಅಂತ ಅರ್ಥ. ಲೇಸರ್ ಬೇಕಾ ಬೇಡವಾ ಅನ್ನುವುದು ಆಮೇಲಿನ ಮಾತು. ಈ ವಾರವೇ ರೆಟಿನಾ ಡಾಕ್ಟರ್ ಹತ್ತಿರ ಹೋಗಿ.

ಯಾಕೆ ಅಂತ ಹೇಳುತ್ತೇನೆ. ಕಣ್ಣಿನ ಗುಡ್ಡೆಯೊಳಗೆ ಸುಮಾರು 4 ಮಿಲಿಲೀಟರ್ ಲೋಳೆ ತುಂಬಿರುತ್ತದೆ. ಎಳನೀರಿನ ತೆಳು ಗಂಜಿ ನೋಡಿದ್ದೀರಲ್ಲ, ಹಾಗೆ ಅಂದುಕೊಳ್ಳಿ. ಅದರಲ್ಲಿ 98ರಿಂದ 99 ಭಾಗ ನೀರೇ, ಉಳಿದದ್ದು ಕಾಲಜನ್ ಎಳೆಗಳು ಮತ್ತು ಅವನ್ನು ಹಿಡಿದಿಡುವ ಹಯಾಲುರೋನಿಕ್ ಆಸಿಡ್. ವಯಸ್ಸಾದ ಹಾಗೆ ಲೋಳೆ ಅಲ್ಲಲ್ಲಿ ನೀರಾಗುತ್ತದೆ, ಎಳೆಗಳು ಗಂಟು ಕಟ್ಟುತ್ತವೆ. ನಿಮಗೆ ಕಾಣುತ್ತಿರುವುದು ಆ ಗಂಟಲ್ಲ, ರೆಟಿನಾ ಮೇಲೆ ಬಿದ್ದ ಅದರ ನೆರಳು. ಮೈನಸ್ ಪವರ್ ಜಾಸ್ತಿ ಇದ್ದವರ ಕಣ್ಣು ಉದ್ದವಾಗಿರುತ್ತದೆ, ಅವರಿಗೆ ಇದು ಬೇಗ ಶುರುವಾಗುತ್ತದೆ. ಅವರ ರೆಟಿನಾ ಅಂಚಿನಲ್ಲಿ ತೆಳುವಾಗಿರುವ ಸಾಧ್ಯತೆಯೂ ಜಾಸ್ತಿ. ಲೋಳೆ ಹಿಂದಿನ ಗೋಡೆಯಿಂದ ಬಿಡುವಾಗ ಎಲ್ಲಾದರೂ ಗಟ್ಟಿಯಾಗಿ ಅಂಟಿಕೊಂಡಿದ್ದರೆ ರೆಟಿನಾವನ್ನೂ ಎಳೆದು ಹರಿದುಬಿಡುತ್ತದೆ. ಹೀಗೆ ಲೋಳೆ ಬಿಟ್ಟುಕೊಂಡು ಹೊಸದಾಗಿ ಫ್ಲೋಟರ್ಸ್, ಮಿಂಚು ಅಂತ ಬಂದವರಲ್ಲಿ ಸುಮಾರು ಏಳು ಜನಕ್ಕೆ ಒಬ್ಬರ ರೆಟಿನಾ ಹರಿದಿರುತ್ತದೆ. ಹರಿದ ಜಾಗದಿಂದ ನೀರು ಹಿಂದೆ ನುಗ್ಗಿದರೆ ಗೋಡೆಗೆ ಬಳಿದ ಸುಣ್ಣ ತೇವಕ್ಕೆ ಚಕ್ಕೆ ಏಳುವ ಹಾಗೆ ರೆಟಿನಾ ಏಳುತ್ತದೆ. ನೋವು ಒಂದಿಷ್ಟೂ ಇರುವುದಿಲ್ಲ. ಅದೇ ಕಷ್ಟ. ನೋವಿದ್ದಿದ್ದರೆ ಜನ ಅವತ್ತೇ ಓಡಿ ಬರುತ್ತಿದ್ದರು.

ಇನ್ನು ಲೇಸರ್ ವಿಷಯ. ಓಪಿಡಿಯಲ್ಲಿ ದಿನಾ ನೋಡುತ್ತೇನೆ, ಲೇಸರ್ ಅನ್ನುವ ಒಂದೇ ಮಾತಿಗೆ ನಾಲ್ಕು ಅರ್ಥ ಇಟ್ಟುಕೊಂಡು ಬರುತ್ತಾರೆ. ಕನ್ನಡಕ ತೆಗೆಸುವ ಲೇಸಿಕ್ ಬೇರೆ, ಅದು ಕಣ್ಣಿನ ಮುಂದಿನ ಕಾರ್ನಿಯಾ ಮೇಲೆ ಮಾಡುವ ಕೆಲಸ, ಫ್ಲೋಟರ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಪೊರೆ ಆಪರೇಷನ್ ಆಗಿ ವರ್ಷಗಳಾದ ಮೇಲೆ ಲೆನ್ಸ್ ಹಿಂದಿನ ಪದರ ಮಬ್ಬಾದರೆ ಯಾಗ್ ಲೇಸರ್‌ನಿಂದ ಅದಕ್ಕೊಂದು ಕಿಂಡಿ ಮಾಡುತ್ತಾರೆ, ತುಂಬಾ ಜನಕ್ಕೆ ಮಾಡುವಂಥದ್ದು. ರೆಟಿನಾ ಹರಿದಿದ್ದರೆ ಅದರ ಸುತ್ತ ಹಸಿರು ಲೇಸರ್‌ನಿಂದ ಸುಟ್ಟು ಬೇಲಿ ಹಾಕುತ್ತಾರೆ, ನೀರು ಒಳಗೆ ನುಗ್ಗಬಾರದು ಅಂತ. ಅದಕ್ಕೆ ಬ್ಯಾರೇಜ್ ಅನ್ನುತ್ತೇವೆ. ಅದು ಕಣ್ಣು ಉಳಿಸುತ್ತದೆ, ಆದರೆ ಫ್ಲೋಟರ್ ತೆಗೆಯುವುದಿಲ್ಲ. ಬ್ಯಾರೇಜ್ ಮಾಡಿಸಿಕೊಂಡು ಎಳೆ ಇನ್ನೂ ಕಾಣುತ್ತಿದೆಯಲ್ಲ ಅಂತ ಬೇಜಾರಾಗಿ ಬರುವವರು ಎಷ್ಟೋ ಜನ. ನಾಲ್ಕನೆಯದು ನಿಮಗೆ ಹೇಳಿದ್ದು: ಅದೇ ಯಾಗ್ ಮಷೀನಿನಿಂದ ತೇಲುವ ಗಂಟನ್ನು ಹೊಡೆಯುವುದು.

ಯಾಗ್ ಲೇಸರ್ ಸುಡುವುದಿಲ್ಲ. 1064 ನ್ಯಾನೊಮೀಟರ್ ತರಂಗದ ಬೆಳಕು, ಕಣ್ಣಿಗೆ ಕಾಣದ್ದು, ನ್ಯಾನೊಸೆಕೆಂಡ್ ಲೆಕ್ಕದಲ್ಲಿ ಒಂದೇ ಬಿಂದುವಿಗೆ ಬಿದ್ದಾಗ ಅಲ್ಲೊಂದು ಸಣ್ಣ ಸಿಡಿತ ಆಗುತ್ತದೆ. ಸಿಡಿತ ಅಂದ ಮೇಲೆ ಸುತ್ತ ಜಾಗ ಬೇಕಲ್ವಾ? ಮುಂದೆ ಲೆನ್ಸ್, ಹಿಂದೆ ರೆಟಿನಾ, ಎರಡರಿಂದಲೂ ಕೆಲವು ಮಿಲಿಮೀಟರ್ ದೂರ ಇರುವ, ಡಾಕ್ಟರ್‌ಗೆ ಸ್ಪಷ್ಟವಾಗಿ ಕಾಣುವ ದೊಡ್ಡ ಗಂಟಾದರೆ ಮಾತ್ರ ಗುರಿ ಇಡಬಹುದು. ಮೈಸೂರಿನ ಸರ್ ಹೇಳಿದ ಉಂಗುರ ಸರಿಯಾಗಿ ಅಂಥದ್ದೇ. ಪೊರೆಯೂ ಮೊದಲೇ ತೆಗೆದಿದ್ದರಿಂದ ಸ್ವಂತ ಲೆನ್ಸಿಗೆ ಪೆಟ್ಟಾಗಿ ಪೊರೆ ಬರುವ ಭಯವೂ ಇರಲಿಲ್ಲ.

ನಿಮ್ಮ ವಯಸ್ಸಿನವರದ್ದು ಸಾಮಾನ್ಯವಾಗಿ ಹಾಗಿರುವುದಿಲ್ಲ. ದೇವಸ್ಥಾನದ ಕಲ್ಯಾಣಿಯ ತಿಳಿನೀರಿನಲ್ಲಿ ಎಲೆ ಮೇಲೆ ತೇಲುತ್ತಿದ್ದರೆ ತಳದಲ್ಲಿ ಅದರ ನೆರಳು ಮಸುಕು. ಎಲೆ ಮುಳುಗಿ ತಳಕ್ಕೆ ಹತ್ತಿರ ಬಂದರೆ ನೆರಳಿನ ಅಂಚು ಚೂಪಾಗುತ್ತದೆ. ನಿಮಗೆ ಎಳೆ, ಮಣಿ ಎಲ್ಲ ಇಷ್ಟು ಚೂಪಾಗಿ ಕಾಣುತ್ತಿದೆ ಅಂದರೆ ಅವು ರೆಟಿನಾಗೆ ತೀರಾ ಹತ್ತಿರ ಇರಬಹುದು, ಜೊತೆಗೆ ತುಂಬಾ ಸಣ್ಣವು. ಡಾಕ್ಟರ್‌ಗೆ ಅವು ಕಾಣುವುದೇ ಕಷ್ಟ. ಕಾಣದ್ದನ್ನು ಹೊಡೆಯುವುದು ಹೇಗೆ? ಕಂಡರೂ ಅಷ್ಟು ಹತ್ತಿರ ಹೊಡೆಯಬಾರದು.

ಕೆಲಸ ಮಾಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಬಾಸ್ಟನ್‌ನ ರೆಟಿನಾ ಡಾಕ್ಟರ್‌ಗಳು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 52 ಜನ, ಎಲ್ಲರಿಗೂ ವೈಸ್ ರಿಂಗ್. 36 ಜನಕ್ಕೆ ನಿಜವಾದ ಲೇಸರ್, 16 ಜನಕ್ಕೆ ಬರೀ ಮಾಡಿದ ಹಾಗೆ ತೋರಿಸಿದರು. ಆರು ತಿಂಗಳ ನಂತರ ಲೇಸರ್ ಆದವರಲ್ಲಿ ಸುಮಾರು 53% ಜನ ತುಂಬಾ ಕಡಿಮೆ ಆಗಿದೆ ಅಥವಾ ಪೂರ್ತಿ ಹೋಗಿದೆ ಅಂದರು, ಇನ್ನೊಂದು ಗುಂಪಿನಲ್ಲಿ ಒಬ್ಬರೂ ಹಾಗೆ ಹೇಳಲಿಲ್ಲ. ಅಂದರೆ ಉಪಯೋಗ ನಿಜ. ಆದರೆ ಸರಿಯಾದವರನ್ನು ಆರಿಸಿಕೊಂಡು ಮಾಡಿದಾಗಲೂ ಅರ್ಧದಷ್ಟು ಜನಕ್ಕೆ ಮಾತ್ರ ಹಾಗೆ ಅನ್ನಿಸಿತು, ನೋಡಿದ್ದೂ ಆರು ತಿಂಗಳು, ಜನವೂ ಕಡಿಮೆ. ಅದೇ ವರ್ಷ ಅಮೆರಿಕದ ರೆಟಿನಾ ತಜ್ಞರ ಸಂಘದ ಸಮಿತಿ ಈ ಲೇಸರ್‌ನಿಂದ ಆದ ತೊಂದರೆಗಳನ್ನೂ ಪ್ರಕಟಿಸಿತು: ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ), ಪೊರೆ, ರೆಟಿನಾ ಹರಿದಿದ್ದು, ರಕ್ತಸ್ರಾವ, ಫ್ಲೋಟರ್ಸ್ ಇನ್ನೂ ಜಾಸ್ತಿ ಆಗಿದ್ದು.

ಈ ನಡುವೆ ಒಮ್ಮೆಲೇ ಮಸಿ ಉದುರಿದ ಹಾಗೆ ನೂರಾರು ಚುಕ್ಕಿ ಬಂದರೆ, ಕತ್ತಲಲ್ಲೂ ಕಣ್ಣಂಚಿನಲ್ಲಿ ಮಿಂಚು ಹೊಡೆದರೆ, ಒಂದು ಮೂಲೆಯಿಂದ ಪರದೆ ಇಳಿದ ಹಾಗಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅವತ್ತೇ ಹೊರಡಿ. ಬೆಂಗಳೂರಿನವರಿಗೆ ಮಿಂಟೋ ಸರಕಾರಿ ಆಸ್ಪತ್ರೆಯೇ ಇದೆ, ದುಡ್ಡಿಲ್ಲ ಅಂತ ಯಾರೂ ಇದನ್ನು ಮುಂದೂಡಬಾರದು.

ಅಪ್ಪನ_ಮಗಳು_ಗದಗ

ಮೇಲಿನ ಮೇಡಂ ಹೇಳಿದ ಮಸಿ ಉದುರುವುದು ಅನ್ನುವ ಮಾತು ಓದಿ ಕೈ ನಡುಗಿತು. ನಮ್ಮ ಅಪ್ಪ ಅದೇ ಮಾತು ಹೇಳಿದ್ದರು. ಒಲೆ ಮೇಲಿನ ಮಸಿ ಉದುರಿದಂಗ ಆಗ್ಯದವ್ವ ಅಂದರು. ಅವರಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ನಾನು ಫೋನಿನಲ್ಲಿ ಹುಡುಕಿದೆ, ಫ್ಲೋಟರ್ಸ್, ವಯಸ್ಸಿಗೆ ಬರುತ್ತದೆ, ಅಪಾಯ ಇಲ್ಲ ಅಂತ ಇತ್ತು. ಅದಕ್ಕೆ ಲೇಸರ್ ಎಲ್ಲಿ ಮಾಡುತ್ತಾರೆ, ಎಷ್ಟಾಗುತ್ತದೆ ಅಂತ ವಿಚಾರಿಸುತ್ತಾ ಮೂರು ವಾರ ಕಳೆದೆ. ಅದು ಲೋಳೆ ಗಂಟಾಗಿದ್ದಲ್ಲ, ಕಣ್ಣೊಳಗೆ ರಕ್ತ ಸೋರಿತ್ತು. ಸಕ್ಕರೆಯಿಂದ ರೆಟಿನಾದಲ್ಲಿ ಹೊಸ ರಕ್ತನಾಳ ಹುಟ್ಟಿ ಒಡೆದಿದ್ದವು.

ಹುಬ್ಬಳ್ಳಿಯಲ್ಲಿ ತೋರಿಸಿದ ಮೇಲೆ ಇಂಜೆಕ್ಷನ್, ಆಮೇಲೆ ರೆಟಿನಾಗೆ ಲೇಸರ್ ಆಯಿತು. ಈಗ ಒಂದು ಕಣ್ಣು ಚೆನ್ನಾಗಿದೆ, ಇನ್ನೊಂದರಲ್ಲಿ ಮುಂದೆ ಹಿಡಿದ ಬೆರಳು ಎಣಿಸುವಷ್ಟು ಮಾತ್ರ ಕಾಣುತ್ತದೆ. ಆ ಮೂರು ವಾರ ನನಗೆ ಇನ್ನೂ ಚುಚ್ಚುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರು ಚುಕ್ಕಿ ಕಾಣುತ್ತದೆ ಅಂದರೆ ದಯವಿಟ್ಟು ಕಾಯಬೇಡಿ. ಚುಕ್ಕಿ ಕಾಣದಿದ್ದರೂ ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ರೆಟಿನಾ ತೋರಿಸಿ.

ಹಸಿರು_ತೋಟ

ಅನಾನಸ್ ತಿಂದರೆ ಫ್ಲೋಟರ್ಸ್ ಕರಗುತ್ತದೆ ಅಂತ ವಿಡಿಯೋ ನೋಡಿದೆ. ದಿನಾ ಎರಡು ಹೋಳು. ಖರ್ಚೂ ಇಲ್ಲ, ಯಾರಾದರೂ ಪ್ರಯತ್ನಿಸಿದ್ದೀರಾ?

ಆಪ್ಟೊಮ್_ದಾವಣಗೆರೆ

ಹಣ್ಣು ತಿನ್ನಿ ಸರ್, ಒಳ್ಳೆಯದೇ. ಆದರೆ ಹೊಟ್ಟೆಗೆ ಹೋದ ಅನಾನಸ್ ಕಣ್ಣೊಳಗಿನ ಎಳೆಯನ್ನು ಕರಗಿಸುತ್ತದೆ ಅನ್ನುವುದಕ್ಕೆ ನಂಬುವಂಥ ಪುರಾವೆ ಇಲ್ಲ. ಹೂವಿನ ರಸ, ಜೇನು, ಎದೆಹಾಲು ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಅದರಿಂದ ಕಾರ್ನಿಯಾ ಹುಣ್ಣಾಗಿ ಬಂದವರನ್ನು ನಾನೇ ನೋಡಿದ್ದೇನೆ.

ಲೆಸ್ಟರ್_ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿದ್ದೇನೆ, ಊರು ತಿಪಟೂರು. ಲೇಸರ್ ಅಲ್ಲ, ಆಪರೇಷನ್ ಮಾಡಿಸಿದವನು. ವಿಟ್ರೆಕ್ಟಮಿ. ಈ ದಾರಿಯೂ ಇದೆ ಅಂತ ಯಾರಾದರೂ ಹೇಳಬೇಕು, ಅದರ ಬೆಲೆಯನ್ನೂ ಹೇಳಬೇಕು.

ನನ್ನದು ಎಳೆಯಲ್ಲ, ಕಣ್ಣೊಳಗೆ ಹೊಗೆ ಕಟ್ಟಿದ ಹಾಗೆ. ಹೆದ್ದಾರಿಯಲ್ಲಿ ಪಕ್ಕದ ಗಾಡಿ ಒಂದು ಕ್ಷಣ ಮಾಯವಾಗುತ್ತಿತ್ತು. ನಾಲ್ಕು ವರ್ಷ ತಡೆದುಕೊಂಡೆ. ಇಲ್ಲಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಬರೀ ಫ್ಲೋಟರ್ಸ್‌ಗೆ ಆಪರೇಷನ್ ಸುಲಭಕ್ಕೆ ಒಪ್ಪುವುದಿಲ್ಲ, ಅದಕ್ಕೆ ಕಾರಣ ಇದೆ ಅಂತ ಆಮೇಲೆ ಅರ್ಥವಾಯಿತು. ಕಣ್ಣಿನ ಬಿಳಿ ಭಾಗದಲ್ಲಿ ಮೂರು ಸಣ್ಣ ತೂತು ಮಾಡಿ ಲೋಳೆಯನ್ನೇ ಕತ್ತರಿಸಿ ಹೀರಿ ತೆಗೆದು ಲವಣದ ನೀರು ತುಂಬುತ್ತಾರೆ. ಆ ಜಾಗಕ್ಕೆ ಆಮೇಲೆ ಕಣ್ಣು ತನ್ನದೇ ನೀರು ಮಾಡಿಕೊಳ್ಳುತ್ತದೆ. ಮರುದಿನ ಪಟ್ಟಿ ಬಿಚ್ಚಿದಾಗ ಆಕಾಶ ನೋಡಿದೆ. ಖಾಲಿ ಆಕಾಶ. ಅತ್ತುಬಿಟ್ಟೆ.

ಆದರೆ ಹದಿನಾಲ್ಕು ತಿಂಗಳಿಗೆ ಆ ಕಣ್ಣಿಗೆ ಪೊರೆ ಬಂತು. ನನಗಾಗ 51. ಈ ವಯಸ್ಸಿನಲ್ಲಿ ಈ ಆಪರೇಷನ್ ಆದರೆ ಪೊರೆ ಬರುವುದು ಹೆಚ್ಚುಕಡಿಮೆ ಖಚಿತ ಅಂತ ಮೊದಲೇ ಹೇಳಿದ್ದರು. ಅದಕ್ಕೆ ಇನ್ನೊಂದು ಆಪರೇಷನ್. ರೆಟಿನಾ ಬಿಡುವ ಸಾಧ್ಯತೆ, ಸೋಂಕಾಗುವ ಸಾಧ್ಯತೆ ಕಡಿಮೆ, ಆದರೆ ಹಾಗೇನಾದರೂ ಆದರೆ ಕಣ್ಣೇ ಹೋಗಬಹುದು ಅಂತ ಹೇಳಿಯೇ ಸಹಿ ಹಾಕಿಸಿಕೊಂಡರು. ನನಗೆ ಪಶ್ಚಾತ್ತಾಪ ಇಲ್ಲ. ಆದರೆ 33ನೇ ವಯಸ್ಸಿನಲ್ಲಿ, ಮೂರು ತಿಂಗಳಿಗೇ, ನಾನಾಗಿದ್ದರೆ ಮಾಡಿಸುತ್ತಿರಲಿಲ್ಲ.

ಟೀಚರ್, ಒಂದು ಮಾತು. ಬರೀ ಫ್ಲೋಟರ್ಸ್ ಅಷ್ಟೇ ಅಂತ ಜನ ಹೇಳಿದಾಗ ಎಷ್ಟು ಒಂಟಿ ಅನ್ನಿಸುತ್ತದೆ ಅಂತ ನನಗೆ ಗೊತ್ತು. ದೃಷ್ಟಿ ಚಾರ್ಟಿನಲ್ಲಿ ಕೊನೇ ಸಾಲು ಓದುತ್ತೀರಿ, ಹಾಗಾಗಿ ನಿಮಗೇನೂ ಆಗಿಲ್ಲ ಅನ್ನುತ್ತಾರೆ. ನಿಮಗೆ ಆಗಿದೆ. ಮೊದಲ ಆರು ತಿಂಗಳು ಎಲ್ಲಕ್ಕಿಂತ ಕಷ್ಟ. ನಾನು ದಿನಕ್ಕೆ ಐವತ್ತು ಸಲ ಬಿಳಿ ಗೋಡೆ ನೋಡಿ ಇದೆಯಾ ಅಂತ ಪರೀಕ್ಷೆ ಮಾಡುತ್ತಿದ್ದೆ. ಅದನ್ನು ನಿಲ್ಲಿಸಿದ್ದೇ ನನಗೆ ಔಷಧಿಗಿಂತ ಜಾಸ್ತಿ ಕೆಲಸ ಮಾಡಿತು. ಫೋನ್, ಕಂಪ್ಯೂಟರ್ ಎಲ್ಲ ಕಪ್ಪು ಹಿನ್ನೆಲೆಗೆ ಹಾಕಿ. ಹೊರಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿ, ಪಾಪೆ ಸ್ವಲ್ಪ ಅಗಲವಾದರೆ ನೆರಳು ಮೆತ್ತಗಾಗುತ್ತದೆ. ಎಳೆ ಅಕ್ಷರದ ಮೇಲೆ ಬಂದು ಕೂತರೆ ಕಣ್ಣನ್ನು ಒಮ್ಮೆ ಮೇಲೆ ಕೆಳಗೆ ಹೊರಳಿಸಿ, ಲೋಳೆ ಕಲಕಿ ಅದು ಬದಿಗೆ ಹೋಗುತ್ತದೆ.

ಬೀಜಗಣಿತ_ಟೀಚರ್

ಹದಿನೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಎಲ್ಲರೂ ಕ್ಷಮಿಸಿ.

ದಾವಣಗೆರೆ ಮೇಡಂ ಬರೆದ ಮೂರನೇ ದಿನ ರೆಟಿನಾ ಡಾಕ್ಟರ್ ಹತ್ತಿರ ಹೋದೆ. ತಮ್ಮ ಕರೆದುಕೊಂಡು ಹೋಗಿದ್ದ. ಡ್ರಾಪ್ಸ್ ಹಾಕಿದ ಮೇಲೆ ಸ್ಕೂಟರ್ ಓಡಿಸಲು ಸಾಧ್ಯವೇ ಇರಲಿಲ್ಲ, ಸಂಜೆವರೆಗೂ ಎಲ್ಲ ಬೆಳಕು ಒಡೆದು ಕಾಣುತ್ತಿತ್ತು. ಮಲಗಿಸಿ, ಕಣ್ಣಿನ ಅಂಚನ್ನು ಹೊರಗಿಂದ ಸಣ್ಣ ಕಡ್ಡಿಯಂಥದ್ದರಿಂದ ಒತ್ತಿ ಒತ್ತಿ ಎಲ್ಲ ದಿಕ್ಕಿಗೂ ನೋಡಲು ಹೇಳಿ ಪರೀಕ್ಷೆ ಮಾಡಿದರು. ನೋವಾಗಲಿಲ್ಲ, ಒತ್ತಿದ ಹಾಗಾಯಿತು ಅಷ್ಟೇ.

ಎಡಗಣ್ಣಿನಲ್ಲಿ ಹರಿದಿಲ್ಲ. ಲೋಳೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಎಳೆಗಳು ರೆಟಿನಾಗೆ ಹತ್ತಿರ ಇವೆ, ಇದಕ್ಕೆ ಯಾಗ್ ಲೇಸರ್ ಹೊಡೆಯುವಂತಿಲ್ಲ ಅಂದರು. ನಾನು ಕೇಳುವ ಮೊದಲೇ ಅಂದರು. ಒಂದೂ ದೂರು ಇಲ್ಲದ ಬಲಗಣ್ಣಿನ ಅಂಚಿನಲ್ಲಿ ರೆಟಿನಾ ತೆಳುವಾಗಿದೆಯಂತೆ, ಲ್ಯಾಟಿಸ್ ಅಂತ ಬರೆದಿದ್ದಾರೆ. ಈಗ ಏನೂ ಮಾಡುವುದು ಬೇಡ, ಆರು ವಾರ ಬಿಟ್ಟು ಒಂದು ಸಲ ಬನ್ನಿ, ಆಮೇಲೆ ವರ್ಷಕ್ಕೊಮ್ಮೆ, ಲಕ್ಷಣ ಕಂಡರೆ ಅವತ್ತೇ ಅಂದರು. ಪರದೆ, ಮಿಂಚು, ಮಸಿ ಮೂರನ್ನೂ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದು ಕೊಟ್ಟರು. ಅದನ್ನು ಫ್ರಿಜ್ ಮೇಲೆ ಅಂಟಿಸಿದ್ದೇನೆ, ಅಮ್ಮನಿಗೂ ಓದಿ ಹೇಳಿದ್ದೇನೆ.

ಎಳೆ ಹೋಗಿಲ್ಲ. ಇವತ್ತು ಬೆಳಿಗ್ಗೆಯೂ ಇತ್ತು. ಆದರೆ ಪ್ರಿನ್ಸಿಪಾಲ್ ಸರ್ ಹತ್ತಿರ ಮಾತಾಡಿ ನನ್ನ ಕ್ಲಾಸುಗಳನ್ನು ಹಳೇ ಕಟ್ಟಡದ ಕೋಣೆಗೆ ಹಾಕಿಸಿಕೊಂಡೆ, ಅಲ್ಲಿ ಇನ್ನೂ ಕರಿ ಹಲಗೆ ಇದೆ. ಸೀಮೆಸುಣ್ಣದ ಧೂಳಿಗೆ ಸೀನು ಬರುತ್ತದೆ, ಆದರೆ ಬರೆದ ಮೈನಸ್ ಮೈನಸ್ಸಾಗಿಯೇ ಕಾಣುತ್ತದೆ. ಗದಗದ ಅಕ್ಕ, ನಿಮ್ಮ ಪೋಸ್ಟ್ ಓದಿ ನಮ್ಮ ದೊಡ್ಡಪ್ಪನನ್ನೂ ಮುಂದಿನ ವಾರ ಕರೆದುಕೊಂಡು ಹೋಗುತ್ತಿದ್ದೇನೆ, ಅವರಿಗೆ ಸಕ್ಕರೆ ಬಂದು ಒಂಬತ್ತು ವರ್ಷ ಆಯಿತು, ಒಂದು ಸಲವೂ ಕಣ್ಣು ತೋರಿಸಿಲ್ಲ.